ಸ್ಟೇಜ್ ಕ್ಯಾಲಿಬ್ರೇಶನ್ ವಿಧಾನ ಬದಲಾಗುತ್ತಿದೆ: ನಮ್ಮ ಸರ್ವಿಸ್ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ಸರ್ವಿಸ್ ಭೇಟಿಯಿಂದ ನಿಮ್ಮ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಸ್ಟೇಜ್ (ಸ್ಯಾಂಪಲ್ ಹೊತ್ತು ಸರಿಯುವ ಟೇಬಲ್) ಕ್ಯಾಲಿಬ್ರೇಶನ್, ಅಂದರೆ ಅದರ ಅಳತೆ ಸರಿಹೊಂದಿಸುವ ಕೆಲಸ, ಮಾಡುವ ರೀತಿಯನ್ನು ಬದಲಾಯಿಸುತ್ತಿದ್ದೇವೆ. ಇದರಲ್ಲಿ ನಿಮಗೆ ನೇರವಾಗಿ ತಟ್ಟುವ ವಿಷಯ ಮೂರು. ಈ ಕೆಲಸಕ್ಕೆ ಇನ್ನು ಮೇಲೆ ಅರ್ಧ ದಿನ ಸಾಲದು, ಒಂದೂವರೆ ದಿನ ಬೇಕು. ಕೆಲಸ ಮುಗಿದ ಮೇಲೆ ಸ್ಟೇಜ್ ಎಷ್ಟೋ ಸಲ ನಿಲ್ಲುವ ಮುಂಚೆ ಒಂದು ಚಿಕ್ಕ ಹೆಜ್ಜೆ ಜಾಸ್ತಿ ಹಾಕುತ್ತದೆ. ಜೊತೆಗೆ, ನೀವು ಸಾಫ್ಟ್‌ವೇರಿನಲ್ಲಿ ಉಳಿಸಿಟ್ಟ ಹಳೆಯ ಜಾಗಗಳು ಇದ್ದ ಹಾಗೇ ಹೊಂದುವುದಿಲ್ಲ. ಈ ಮೂರನೆಯದೇ ಸ್ವಲ್ಪ ತಲೆನೋವು. ಪತ್ರ ಪೂರ್ತಿ ಓದಲು ಪುರುಸೊತ್ತು ಇಲ್ಲದವರು ಆ ಭಾಗವನ್ನಾದರೂ ಓದಿ. ಸರ್ವಿಸ್ ಶುಲ್ಕ ಮೊದಲಿನಷ್ಟೇ ಇರುತ್ತದೆ.

ಇಷ್ಟು ದಿನ ಸ್ಟೇಜಿನ ಮಧ್ಯದಲ್ಲಿ ಗ್ರಿಡ್ ಕೊರೆದ ಸಿಲಿಕಾನ್ ತುಂಡು ಇಟ್ಟು, ಎಕ್ಸ್ ಕಡೆಗೆ ಒಂದಷ್ಟು, ವೈ ಕಡೆಗೆ ಒಂದಷ್ಟು ಸರಿಸುತ್ತಿದ್ದೆವು. ಚಿತ್ರದಲ್ಲಿ ನಿಜವಾಗಿ ಎಷ್ಟು ಸರಿಯಿತು ಅಂತ ಅಳೆದು, ಪ್ರತಿ ದಿಕ್ಕಿಗೂ ಒಂದು ಅಂಕಿ ಹಾಕಿ ಮುಗಿಸುತ್ತಿದ್ದೆವು. ಜಾಯ್‌ಸ್ಟಿಕ್ ಹಿಡಿದು ಕೂತು ನೋಡುವವರಿಗೆ ಅದು ಧಾರಾಳ ಸಾಕು. ಸ್ಟೇಜ್ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಚೆ ಹೋಗಿ ನಿಂತರೂ ಕಣ್ಣು ಪರದೆಯ ಮೇಲಿರುತ್ತದೆ, ಕೈ ತಾನಾಗೇ ಸರಿಮಾಡಿಕೊಳ್ಳುತ್ತದೆ.

ಆದರೆ ಈಗ ನಿಮ್ಮಲ್ಲಿ ಬಹಳ ಜನ ಹಾಗೆ ಕೂತು ನೋಡುತ್ತಿಲ್ಲ. ಸಂಜೆ ಸ್ಯಾಂಪಲ್ ಹಾಕಿ, ಪಟ್ಟಿ ಕೊಟ್ಟು, ಮನೆಗೆ ಹೋಗುತ್ತೀರಿ. ರಾತ್ರಿಯೆಲ್ಲ ಯಂತ್ರವೇ ಚೌಕ ಚೌಕವಾಗಿ ಚಿತ್ರ ತೆಗೆದು ಜೋಡಿಸುತ್ತದೆ. ಕೆಲವರು ಅಂಟು ಟೇಪಿನ ಮೇಲೆ ಬಂದೂಕಿನ ಮದ್ದಿನ ಕಣ ಹುಡುಕಿಸುತ್ತಾರೆ. ಒಂದೆರಡು ಮೈಕ್ರಾನ್ ಗಾತ್ರದ ಕಣವನ್ನು ಯಂತ್ರ ರಾತ್ರಿ ಗುರುತು ಹಾಕಿಟ್ಟರೆ, ಬೆಳಿಗ್ಗೆ ಅದೇ ಕಣಕ್ಕೆ ವಾಪಸ್ ಹೋಗಬೇಕು, ಪಕ್ಕದ ಕಣಕ್ಕಲ್ಲ. ಇಲ್ಲಿ ತಪ್ಪನ್ನು ತಿದ್ದಲು ಕೈ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒಂದೊಂದು ಚಿತ್ರ 100 ಮೈಕ್ರಾನ್ ಅಗಲ, ಪಕ್ಕದ ಚಿತ್ರದ ಜೊತೆ 10% ಮೇಲೆ ಮೇಲೆ ಬರುವ ಹಾಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಮೇಲೆ ಮೇಲೆ ಬರುವ ಪಟ್ಟಿ 10 ಮೈಕ್ರಾನ್. ಸ್ಟೇಜ್ 3 ಮೈಕ್ರಾನ್ ತಪ್ಪಿದರೆ ಚಿಂತೆ ಇಲ್ಲ, ಹೊಂದಿಸುವ ಸಾಫ್ಟ್‌ವೇರ್ ಸುಧಾರಿಸಿಕೊಳ್ಳುತ್ತದೆ. ಮ್ಯಾಗ್ನಿಫಿಕೇಶನ್ ಹತ್ತು ಪಟ್ಟು ಜಾಸ್ತಿ ಮಾಡಿ. ಈಗ ಪಟ್ಟಿ 1 ಮೈಕ್ರಾನ್, ತಪ್ಪು ಅದೇ 3 ಮೈಕ್ರಾನ್. ಎರಡು ಚಿತ್ರಗಳ ನಡುವೆ ಬಿರುಕೇ ಬಿಡುತ್ತದೆ. ಹೋದ ವರ್ಷ ಚೆನ್ನಾಗಿದ್ದ ಸ್ಟೇಜ್ ಈ ವರ್ಷ ಕೆಟ್ಟಿತಾ ಅಂತ ನಮಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಇಂಥವೇ. ಸ್ಟೇಜ್ ಹಾಗೇ ಇರುತ್ತದೆ, ಅದರಿಂದ ಮಾಡಿಸುವ ಕೆಲಸ ಬದಲಾಗಿರುತ್ತದೆ.

ಈ ತಪ್ಪು ಬರುವುದು ಎಲ್ಲಿಂದ? ಹೆಚ್ಚಿನ ಸ್ಟೇಜುಗಳಲ್ಲಿ ಒಂದು ಮೋಟಾರು ಉದ್ದನೆಯ ಸ್ಕ್ರೂ ತಿರುಗಿಸುತ್ತದೆ, ಸ್ಕ್ರೂ ಮೇಲಿನ ನಟ್ಟು ಟೇಬಲನ್ನು ಎಳೆಯುತ್ತದೆ. ಸ್ಕ್ರೂ ಒಂದು ಸುತ್ತು ಬಂದರೆ 1 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಸ್ಟೆಪ್ಪರ್ ಮೋಟಾರಿಗೆ ಸಾಮಾನ್ಯವಾಗಿ ಸುತ್ತಿಗೆ 200 ಹೆಜ್ಜೆ, ಅಂದರೆ ಹೆಜ್ಜೆಗೆ 5 ಮೈಕ್ರಾನ್. ಹೆಜ್ಜೆಯನ್ನು ಮತ್ತೆ ಹತ್ತು ಭಾಗ ಮಾಡಿದರೆ ಅರ್ಧ ಮೈಕ್ರಾನ್. ಪರದೆಯಲ್ಲಿ ಕಾಣುವ ಅಂಕಿ ಈ ಹೆಜ್ಜೆಗಳ ಎಣಿಕೆ. ಸ್ಯಾಂಪಲ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ, ಮೋಟಾರು ಎಷ್ಟು ತಿರುಗಿತು ಅಂತ ಮಾತ್ರ ಗೊತ್ತು. ಮೋಟಾರಿನ ಹಿಂದೆ ಎನ್‌ಕೋಡರ್, ಅಂದರೆ ಎಷ್ಟು ತಿರುಗಿತು ಅಂತ ಅಳೆಯುವ ಸಾಧನ, ಇದ್ದರೂ ಕತೆ ಅಷ್ಟೇ, ಅದು ನೋಡುವುದೂ ಮೋಟಾರಿನ ಶಾಫ್ಟನ್ನೇ.

ಸ್ಕ್ರೂಗೂ ನಟ್ಟಿಗೂ ನಡುವೆ ಒಂಚೂರಾದರೂ ಪ್ಲೇ, ಅಂದರೆ ಸಡಿಲ, ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಸಲೀಸಾಗಿ ತಿರುಗುವುದಿಲ್ಲ. ಚೈನು ಸಡಿಲವಾದ ಸೈಕಲ್ಲಿನಲ್ಲಿ ಪೆಡಲ್ ಸ್ವಲ್ಪ ದೂರ ಸುಮ್ನೆ ಹೋಗಿ ಆಮೇಲೆ ಚಕ್ರ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಬಲಕ್ಕೆ ಹೋಗುತ್ತಿದ್ದ ಸ್ಟೇಜ್ ಎಡಕ್ಕೆ ತಿರುಗಿದಾಗ ಮೋಟಾರು ಮೊದಲು ಈ ಸಡಿಲವನ್ನು ತುಂಬಬೇಕು. ಅಂಕಿ ಓಡುತ್ತದೆ, ಸ್ಯಾಂಪಲ್ ನಿಂತೇ ಇರುತ್ತದೆ. ಹೀಗಾಗಿ ಒಂದೇ ಜಾಗಕ್ಕೆ ಎಡದಿಂದ ಬಂದರೆ ಒಂದು ಕಡೆ, ಬಲದಿಂದ ಬಂದರೆ ಇನ್ನೊಂದು ಕಡೆ ನಿಲ್ಲುತ್ತದೆ. ಪರದೆಯಲ್ಲಿ ಮಾತ್ರ ಎರಡೂ ಸಲ ಅದೇ ಅಂಕಿ.

ಒಂದೇ ದಿಕ್ಕಿನಲ್ಲಿ ಅಳೆದರೆ ಇದು ಕಾಣುವುದೇ ಇಲ್ಲ. ಅದಕ್ಕೇ ಇನ್ನು ಮೇಲೆ ಪ್ರತಿ ಜಾಗಕ್ಕೂ ಎರಡೂ ಕಡೆಯಿಂದ ಬಂದು ಅಳೆಯುತ್ತೇವೆ. ಎರಡರ ವ್ಯತ್ಯಾಸವೇ ಪ್ಲೇ. ಅದನ್ನು ನೋಡಿಕೊಂಡು, ಸ್ಟೇಜ್ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲುವಂತೆ ಸೆಟ್ ಮಾಡುತ್ತೇವೆ. ಎದುರು ಕಡೆಯಿಂದ ಬಂದಾಗ ಬೇಕಾದ ಜಾಗ ದಾಟಿ ಒಂದಿಷ್ಟು ಮುಂದೆ ಹೋಗಿ, ವಾಪಸ್ ಬಂದು ನಿಲ್ಲುತ್ತದೆ. ನಿಮಗೆ ಕಾಣುವ ಆ ಜಾಸ್ತಿ ಹೆಜ್ಜೆ ಇದೇ. ಗಾಬರಿಯಾಗಿ ಫೋನ್ ಮಾಡಬೇಡಿ. ಝಡ್ ದಿಕ್ಕಿನಲ್ಲಿ ಮಾತ್ರ ಯಾವಾಗಲೂ ಕೆಳಗಿನಿಂದಲೇ ಮೇಲೆ ಬರುವಂತೆ ಇಟ್ಟಿರುತ್ತೇವೆ, ಆದ್ದರಿಂದ ಈ ಹೆಜ್ಜೆಯಿಂದ ಸ್ಯಾಂಪಲ್ ಲೆನ್ಸಿಗೆ ತಗಲುವ ಭಯ ಇಲ್ಲ. ಆದರೆ ಚೇಂಬರಿನೊಳಗೆ ಮ್ಯಾನಿಪ್ಯುಲೇಟರ್ ಸೂಜಿಯನ್ನು ಸ್ಯಾಂಪಲ್ಲಿಗೆ ಮುಟ್ಟಿಸಿ ಕೆಲಸ ಮಾಡುವವರು ಹುಷಾರು. ಸೂಜಿ ಇಳಿಸಿದ ಮೇಲೆ ಸ್ಟೇಜ್ ಆ ಹೆಜ್ಜೆ ಹಾಕಿದರೆ ಸೂಜಿ ಹೋಯಿತು ಅಂತಲೇ ಲೆಕ್ಕ. ಅದನ್ನು ಆಫ್ ಮಾಡುವುದು ಎಲ್ಲಿ ಅಂತ ಭೇಟಿಯ ದಿನ ನಿಮ್ಮ ಆಪರೇಟರಿಗೆ ತೋರಿಸಿಕೊಡುತ್ತೇವೆ.

ಟೇಬಲ್ಲಿಗೇ ನೇರವಾಗಿ ಅಳತೆಪಟ್ಟಿ ಅಂಟಿಸಿದ, ಅಂದರೆ ಲೀನಿಯರ್ ಎನ್‌ಕೋಡರ್ ಇರುವ ಸ್ಟೇಜುಗಳಿಗೆ ಈ ಪ್ಲೇ ಕಾಟ ಬಹುಮಟ್ಟಿಗೆ ಇಲ್ಲ. ಮುಂದೆ ಹೇಳುವುದರಲ್ಲಿ ಸ್ಕ್ರೂವಿನ ವಿಷಯ ಬಿಟ್ಟು ಉಳಿದದ್ದು ಮಾತ್ರ ಅವಕ್ಕೂ ಬೇಕು.

ಸ್ಕ್ರೂ ಅಂದ ಮೇಲೆ ಇನ್ನೊಂದು ಚೇಷ್ಟೆ ಇದೆ. ಅದು ಕೂದಲಷ್ಟು ಓರೆ ಕೂತಿದ್ದರೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಅಂತ ತೂಗುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ತಪ್ಪು ಮತ್ತೆ ಮೊದಲಿನಷ್ಟಕ್ಕೇ ಬಂದಿರುತ್ತದೆ. ಈಗ ನೀವು 1 ಮಿಲಿಮೀಟರಿಗೊಂದು ಸಲ ಅಳೆದರೆ ಪ್ರತಿ ಸಲವೂ ಸುತ್ತಿನ ಅದೇ ಜಾಗದಲ್ಲಿ ಅಳೆದ ಹಾಗಾಯಿತು. ಫಲಿತಾಂಶ ಅಚ್ಚುಕಟ್ಟಾಗಿ ಬರುತ್ತದೆ, ತಪ್ಪು ಮಾತ್ರ ಒಳಗೇ ಉಳಿಯುತ್ತದೆ. ಆದ್ದರಿಂದ ಇಂಥ ಸ್ಕ್ರೂ ಇರುವ ಕಡೆ 0.7 ಮಿಲಿಮೀಟರಿಗೊಂದು ಸಲ ಅಳೆಯುತ್ತೇವೆ. ಹತ್ತು ಅಳತೆಯಲ್ಲಿ ಸುತ್ತಿನ ಹತ್ತು ಬೇರೆ ಬೇರೆ ಜಾಗ ಸಿಗುತ್ತದೆ. ನಮಗೆ ಈ ಹೊಸ ವಿಧಾನದಲ್ಲಿ ತುಂಬ ಇಷ್ಟವಾದ ಭಾಗ ಇದೇ. ಖರ್ಚಿಲ್ಲ, ಹೊಸ ಉಪಕರಣ ಬೇಕಿಲ್ಲ, ಅಂಕಿ ಬದಲಾಯಿಸಿದರೆ ಸಾಕು.

ಗ್ರಿಡ್ಡಿನದೂ ಇಂಥದೇ ಮೋಸ. 10 ಮೈಕ್ರಾನ್ ಚೌಕಗಳ ಗ್ರಿಡ್‌ನಲ್ಲಿ ಎಲ್ಲ ಚೌಕವೂ ಒಂದೇ ಥರ. ಸ್ಟೇಜ್ ಸರಿಯಾಗಿ 10 ಮೈಕ್ರಾನ್ ತಪ್ಪಿ ನಿಂತರೆ ಪಕ್ಕದ ಚೌಕ ಬಂದು ಕೂರುತ್ತದೆ, ಚಿತ್ರ ಹೋಲಿಸುವ ಸಾಫ್ಟ್‌ವೇರ್ ಎಲ್ಲ ಸರಿಯಿದೆ ಅನ್ನುತ್ತದೆ. ಇನ್ನು ಮೇಲೆ ನಾವು ತರುವುದು ಅಡ್ಡಸಾಲಿಗೆ ಅಂಕಿ, ಕಂಬಸಾಲಿಗೆ ಅಕ್ಷರ ಕೊರೆದ ಗ್ರಿಡ್. ಅದು ಮಟ್ಟಸವಾಗಿ ಕೂತಿದೆಯೇ ಅಂತ ನಾಲ್ಕೂ ಮೂಲೆಯ ಫೋಕಸ್ ನೋಡಿ ಖಚಿತ ಮಾಡಿಕೊಳ್ಳುವುದಕ್ಕೇ ಒಂದಷ್ಟು ಹೊತ್ತು ಹಿಡಿಯುತ್ತದೆ. 2 ಡಿಗ್ರಿ ಓರೆಯಾಗಿದ್ದರೂ 10 ಮಿಲಿಮೀಟರಿನಲ್ಲಿ 6 ಮೈಕ್ರಾನ್ ಕಡಿಮೆ ಕಾಣುತ್ತದೆ. ಅಷ್ಟು ತಪ್ಪನ್ನು ನಾವೇ ಸೇರಿಸಿ ಹೋಗುವುದು ಬೇಡ, ಅಲ್ವಾ?

ಎಕ್ಸ್ ಮತ್ತು ವೈ ಸರಿಯಾಗಿ 90 ಡಿಗ್ರಿಯಲ್ಲಿ ಇವೆಯೇ ಅನ್ನುವುದನ್ನೂ ಈಗ ಅಳೆಯುತ್ತೇವೆ. 0.1 ಡಿಗ್ರಿ ಓರೆ ಅಂದರೆ ಕೇಳಲು ಏನೂ ಅಲ್ಲ ಅನಿಸುತ್ತದೆ. 10 ಮಿಲಿಮೀಟರ್ ಹೋದರೆ ಅದೇ 17 ಮೈಕ್ರಾನ್ ದಾಟುತ್ತದೆ. ರೊಟೇಶನ್ನಿನ ಕೇಂದ್ರವನ್ನು ಮೊದಲಿನಂತೆಯೇ ಒಂದು ಗುರುತನ್ನು 180 ಡಿಗ್ರಿ ತಿರುಗಿಸಿ, ಎರಡು ಜಾಗಗಳ ನಡುಬಿಂದು ಹಿಡಿದು ಹುಡುಕುತ್ತೇವೆ. ಟಿಲ್ಟ್ ಹೊಂದಾಣಿಕೆಯಲ್ಲೂ ಬದಲಾವಣೆ ಇಲ್ಲ.

ಇದೆಲ್ಲದಕ್ಕೂ ಅಳತೆಗೋಲು ನಿಮ್ಮ ಯಂತ್ರದ ಚಿತ್ರವೇ. ಹಾಗಾಗಿ ಮೊದಲು ಮ್ಯಾಗ್ನಿಫಿಕೇಶನ್ ಸರಿಮಾಡಿ, ಆಮೇಲೆ ಸ್ಟೇಜಿಗೆ ಕೈಹಾಕುತ್ತೇವೆ. ಇಲ್ಲಿ ನಿಮ್ಮ ಸಹಾಯ ಬೇಕು. ಕೆಳಗಿನ ಲೆನ್ಸ್ ಅಯಸ್ಕಾಂತದ್ದಾದ್ದರಿಂದ ಎಲೆಕ್ಟ್ರಾನುಗಳು ಸುರುಳಿಯಾಗಿ ಇಳಿಯುತ್ತವೆ. ವರ್ಕಿಂಗ್ ಡಿಸ್ಟೆನ್ಸ್ (ಲೆನ್ಸಿನಿಂದ ಸ್ಯಾಂಪಲ್ಲಿಗೆ ಇರುವ ದೂರ) ಅಥವಾ ಕಿಲೋವೋಲ್ಟ್ (ಎಲೆಕ್ಟ್ರಾನುಗಳನ್ನು ಓಡಿಸುವ ವೋಲ್ಟೇಜ್) ಬದಲಾದರೆ ಚಿತ್ರವೂ ಸ್ವಲ್ಪ ತಿರುಗುತ್ತದೆ. ಸಾಫ್ಟ್‌ವೇರ್ ಅದನ್ನು ತಿರುಗಿಸಿ ಸರಿಮಾಡುತ್ತದೆ ನಿಜ, ಆದರೆ ಪೂರ್ತಿ ಅಲ್ಲ. ನೀವು ಜಾಸ್ತಿ ಬಳಸುವ ವರ್ಕಿಂಗ್ ಡಿಸ್ಟೆನ್ಸ್ ಮತ್ತು ಕಿಲೋವೋಲ್ಟ್ ಯಾವುದು ಅಂತ ಮೊದಲೇ ತಿಳಿಸಿ. ಅದೇ ಸೆಟ್ಟಿಂಗಿನಲ್ಲಿ ಅಳೆಯುತ್ತೇವೆ. ‘ಎಲ್ಲದರಲ್ಲೂ ಮಾಡುತ್ತೇವೆ’ ಅನ್ನುವವರು ಎರಡನ್ನು ಆರಿಸಿ ಕೊಡಿ.

ಒಂದೂವರೆ ದಿನ ಯಾಕೆ ಅನ್ನುವವರಿಗೆ ಉತ್ತರ ಶಾಖ. 100 ಮಿಲಿಮೀಟರ್ ಉದ್ದದ ಉಕ್ಕಿನ ಸ್ಕ್ರೂ 1 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 1.2 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಮ್ ಭಾಗ ಅದರ ಎರಡರಷ್ಟು. ಚೇಂಬರಿನೊಳಗೆ ಗಾಳಿ ಇಲ್ಲ, ಆದ್ದರಿಂದ ಅಲ್ಲಿರುವ ಮೋಟಾರಿನ ಬಿಸಿ ಬೇಗ ಹೋಗುವುದಿಲ್ಲ, ಲೋಹದ ಮೂಲಕವೇ ನಿಧಾನವಾಗಿ ಹರಿದು ಹೋಗಬೇಕು. ಬಾಗಿಲು ತೆಗೆದು ಹಾಕಿ, ವ್ಯಾಕ್ಯೂಮ್ ಬಂದ ತಕ್ಷಣ ಅಳೆಯಲು ಶುರು ಮಾಡಿದರೆ ನಾವು ಅಳೆಯುವುದು ಸ್ಟೇಜಿನ ತಪ್ಪನ್ನಲ್ಲ, ಅದು ಬಿಸಿ ತಣ್ಣಗಾಗುವುದನ್ನು. ಗ್ರಿಡ್ ಹಾಕಿ ಪಂಪ್ ಮಾಡಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಬಂದು ಅಳೆಯುತ್ತೇವೆ. ಆ ರಾತ್ರಿ ದಯವಿಟ್ಟು ಕೋಣೆಯ ಏಸಿ ಆರಿಸಬೇಡಿ. ‘ಅರ್ಜೆಂಟ್ ಒಂದೇ ಒಂದು ಸ್ಯಾಂಪಲ್ ನೋಡಿಬಿಡ್ತೀನಿ’ ಅಂತ ಯಾರಾದರೂ ಬಂದರೆ ಅವರನ್ನು ತಡೆಯುವ ಕೆಲಸ ನಿಮ್ಮದು. ನಾವು ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತೇವೆ, ಚೀಟಿಗೆ ಎಷ್ಟು ಬೆಲೆ ಅಂತ ನಿಮಗೂ ಗೊತ್ತು.

ಈಗ ಉಳಿಸಿಟ್ಟ ಜಾಗಗಳ ವಿಷಯ. ಹಳೆಯ ಕ್ಯಾಲಿಬ್ರೇಶನ್ನಿನಲ್ಲಿ ದಿಕ್ಕಿಗೊಂದು ಅಂಕಿ ಇತ್ತು. ಹೊಸದರಲ್ಲಿ ಸ್ಟೇಜಿನ ಪೂರ್ತಿ ಹರವಿಗೆ ಒಂದು ನಕ್ಷೆ ಇರುತ್ತದೆ. ಎಲ್ಲಿ ಎಷ್ಟು ತಪ್ಪು ಅಂತ ನೋಡಿ ಅಲ್ಲಲ್ಲೇ ಸರಿಮಾಡುವ ನಕ್ಷೆ. ಹೀಗಾಗಿ ಮೊದಲು ಉಳಿಸಿದ ಅಂಕಿ ಒತ್ತಿದರೆ ಸ್ಟೇಜ್ ಈಗ ಬೇರೆ ಕಡೆ ಹೋಗಿ ನಿಲ್ಲುತ್ತದೆ. ಮಧ್ಯದಲ್ಲಿ ವ್ಯತ್ಯಾಸ ಕಡಿಮೆ, ಅಂಚಿಗೆ ಹೋದಷ್ಟೂ ಜಾಸ್ತಿ.

ಹಳೆಯ ಅಂಕಿಗಳ ಫೈಲನ್ನು ನಮಗೆ ಕೊಟ್ಟರೆ ಹೊಸ ಅಂಕಿಗೆ ಬದಲಾಯಿಸಿ ಅದೇ ದಿನ ವಾಪಸ್ ಕೊಡುತ್ತೇವೆ. ಆದರೆ ಒಂದು ಮಿತಿ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆ ಜಾಗವನ್ನು ಉಳಿಸಿದ ದಿನ ಸ್ಟೇಜ್ ಎಡದಿಂದ ಬಂದಿತ್ತೋ ಬಲದಿಂದ ಬಂದಿತ್ತೋ ಅನ್ನುವುದು ಫೈಲಿನಲ್ಲಿ ಬರೆದಿರುವುದಿಲ್ಲ. ಅದನ್ನು ಯಾವ ಲೆಕ್ಕದಿಂದಲೂ ವಾಪಸ್ ತರಲಾಗುವುದಿಲ್ಲ. ನಿಮ್ಮ ಸ್ಟೇಜಿನ ಪ್ಲೇ ಎಷ್ಟಿದೆಯೋ ಅಷ್ಟು ಅನುಮಾನ ಪ್ರತಿ ಹಳೆಯ ಜಾಗದಲ್ಲೂ ಉಳಿಯುತ್ತದೆ. ಮಿಲಿಮೀಟರ್ ಗಾತ್ರದ ಭಾಗಗಳಿಗೆ ಇದು ಲೆಕ್ಕಕ್ಕಿಲ್ಲ. ಒಂದೊಂದೇ ಕಣಕ್ಕೆ ವಾಪಸ್ ಹೋಗಬೇಕಾದವರು, ಅದರಲ್ಲೂ ವರದಿ ಕೊಡಬೇಕಾದ ಕೇಸುಗಳು ಬಾಕಿ ಇರುವವರು, ಆ ಕಣಗಳ ಕೆಲಸವನ್ನು ನಮ್ಮ ಭೇಟಿಗೆ ಮುಂಚೆಯೇ ಮುಗಿಸಿಕೊಳ್ಳಿ. ಆಗದಿದ್ದರೆ ದಿನಾಂಕ ಮುಂದೆ ಹಾಕಿಸಿ, ನಮಗೇನೂ ಬೇಜಾರಿಲ್ಲ. ಹಳೆಯ ಸೆಟ್ಟಿಂಗನ್ನೂ ಅಳಿಸದೆ ಒಂದು ಪ್ರತಿ ಇಟ್ಟು ಹೋಗುತ್ತೇವೆ.

ಬರೀ ಜಾಯ್‌ಸ್ಟಿಕ್ಕಿನಲ್ಲಿ ನೋಡುವವರಿಗೆ, ಯಂತ್ರವನ್ನು ರಾತ್ರಿ ಒಂಟಿಯಾಗಿ ಓಡಿಸದವರಿಗೆ, ಇದು ಯಾವುದೂ ಬೇಕಿಲ್ಲ. ಕೇಳಿದರೆ ಹಳೆಯ ಅರ್ಧ ದಿನದ ವಿಧಾನದಲ್ಲೇ ಮಾಡಿಕೊಡುತ್ತೇವೆ. ಯಂತ್ರ ಒಂದು ದಿನ ಸುಮ್ನೆ ನಿಲ್ಲುವುದಕ್ಕಿಂತ ಅದೇ ಮೇಲು. ಟ್ರಾನ್ಸ್‌ಮಿಶನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವವರಿಗೆ ಈ ಪತ್ರ ಅನ್ವಯಿಸುವುದಿಲ್ಲ. ಅವುಗಳ ಸ್ಟೇಜಿನ ಕಟ್ಟುವಿಕೆಯೇ ಬೇರೆ, ಅಲ್ಲಿ ಏನೂ ಬದಲಾಗುತ್ತಿಲ್ಲ.

ನಿಮ್ಮ ಸರದಿಗೆ ಎರಡು ವಾರ ಮುಂಚೆ ಫೋನ್ ಮಾಡುತ್ತೇವೆ. ಆಗ ವರ್ಕಿಂಗ್ ಡಿಸ್ಟೆನ್ಸ್, ಕಿಲೋವೋಲ್ಟ್, ಉಳಿಸಿದ ಜಾಗಗಳ ಫೈಲ್ ಇದೆಯೋ ಇಲ್ಲವೋ, ಸೂಜಿ ಬಳಸುತ್ತೀರೋ ಇಲ್ಲವೋ, ಇಷ್ಟು ಹೇಳಿದರೆ ಸಾಕು. ಯಂತ್ರವನ್ನು ದಿನವೂ ಓಡಿಸುವವರೇ ಫೋನಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಇಂತಿ,
ಸರ್ವಿಸ್ ವಿಭಾಗದ ಪರವಾಗಿ