ಹಂದಿಗೆ ಎಷ್ಟು ಪೌಂಡಿನ ಬಿಲ್ಲು ಸಾಕು?

ಮಾನ್ಯ ಸಂಪಾದಕರೇ,

ಈಚೆಗೆ ನಮ್ಮ ಹಿರಿಯಡ್ಕದ ಕಡೆಯ ಹುಡುಗರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. “ಅಣ್ಣಾ, ಹಂದಿಗೆ ಎಷ್ಟು ಪೌಂಡಿನ ಬಿಲ್ಲು ಸಾಕು?” ಪೌಂಡು ಎಂದರೆ ಬಿಲ್ಲಿನ ಹೆದೆ ಎಳೆಯಲು ಬೇಕಾಗುವ ಬಲದ ಅಳತೆ. ಅಮೆರಿಕದವರು ಜಿಂಕೆ ಹೊಡೆಯುವ ವಿಡಿಯೋ ಮೊಬೈಲಿನಲ್ಲಿ ನೋಡಿರುತ್ತಾರೆ. ‘ಹಂಟಿಂಗ್ ಬೋ’ ಎಂದೇ ಆನ್‌ಲೈನಿನಲ್ಲಿ ಮಾರಾಟಕ್ಕಿರುತ್ತದೆ. ತೋಟದಲ್ಲಿ ಹಂದಿ ಕಾಟವಂತೂ ಇದ್ದೇ ಇದೆ. ಮೂರೂ ಸೇರಿದ ಮೇಲೆ ಕೇಳಬೇಕೆ? ಕೆಲಸದಲ್ಲಿದ್ದಾಗ ನಾನು ಕೆಲವು ವರ್ಷ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಹತ್ತಿರ ಇದ್ದೆ. ಬಿಲ್ಲು ಹಿಡಿಯಲು ಕಲಿತದ್ದು ಅಲ್ಲಿ. ಈಗಲೂ ಮನೆ ಹಿಂದೆ ಬೈಹುಲ್ಲಿಗೆ ಬಾಣ ಬಿಡುತ್ತಿರುತ್ತೇನೆ. ಹಾಗಾಗಿ ಎಲ್ಲರೂ ನನ್ನನ್ನೇ ಕೇಳುವುದು. ಒಬ್ಬೊಬ್ಬರಿಗೇ ಹೇಳುವ ಬದಲು ನಿಮ್ಮ ಪತ್ರಿಕೆಯಲ್ಲಿ ಒಮ್ಮೆ ಹೇಳಿಬಿಡುತ್ತೇನೆ.

ಎಷ್ಟು ಪೌಂಡಿನದ್ದು ತಂದರೂ ಹಂದಿಗೆ ಬಿಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಕೋವಿಗೆ ಮಾತ್ರವಲ್ಲ, ಬಿಲ್ಲಿಗೂ ಉರುಳಿಗೂ ಅದೇ ಕಾನೂನು. ಕೊಲ್ಲುವ ಪ್ರಯತ್ನವೂ ಅದರಲ್ಲಿ ಬೇಟೆಯೇ. ಅಂದರೆ ಬಾಣ ಗುರಿ ತಪ್ಪಿ ಅಡಿಕೆ ಮರಕ್ಕೆ ನೆಟ್ಟರೂ ಕೇಸು ಕೇಸೇ. 2022ರ ತಿದ್ದುಪಡಿಯಲ್ಲಿ ದಂಡ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ಏರಿದೆ, 3 ವರ್ಷದವರೆಗೆ ಜೈಲೂ ಆಗಬಹುದು. ನವಿಲಿಗೆ ಹೊಡೆದರಂತೂ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗುತ್ತದೆ. ಬೆಳೆ ಹಾಳು ಮಾಡುವ ಹಂದಿಗೆ 11ನೇ ಸೆಕ್ಷನ್ನಿನಲ್ಲಿ ಒಂದು ದಾರಿ ಇದೆ. ಆದರೆ ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ರಕ್ಷಣೆಗೆಂದು ಕೋವಿಯ ಲೈಸನ್ಸ್ ಇರುವ ಎಷ್ಟೋ ಜನ ಆ ಲೈಸನ್ಸೇ ಅನುಮತಿ ಎಂದುಕೊಂಡಿದ್ದಾರೆ. ಅದಲ್ಲ. “ಕೆಡ್ಡಸದ ಹಬ್ಬಕ್ಕೆ ಬೋಂಟೆ (ಬೇಟೆ) ಅಜ್ಜನ ಕಾಲದಿಂದ ಬಂದದ್ದು” ಎನ್ನುವವರೂ ಇದ್ದಾರೆ. ಅಜ್ಜನ ಕಾಲದಲ್ಲಿ ಈ ಕಾಯ್ದೆ ಇರಲಿಲ್ಲ, ಅಷ್ಟೇ.

ಸರಿ, ಕಾನೂನು ಹಾಗಿರಲಿ. ಬೇಟೆಗೆ ಅವಕಾಶ ಇರುವ ಕಡೆಯಲ್ಲಾದರೂ ಹೊಸಬ ಹೇಗೆ ಶುರು ಮಾಡುತ್ತಾನೆ ಎಂದು ಈ ಹುಡುಗರಿಗೆ ಗೊತ್ತಾ? ನ್ಯೂಯಾರ್ಕ್ ರಾಜ್ಯದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗಲು ಸಾಮಾನ್ಯ ಬೇಟೆ ಕೋರ್ಸಿನ ಜೊತೆ ಬಿಲ್ಲು ಬೇಟೆಯದ್ದೇ ಬೇರೆ ಕೋರ್ಸ್ ಆಗಬೇಕು. ಅದಾದ ಮೇಲೆ ಲೈಸನ್ಸ್. ದಕ್ಷಿಣ ಭಾಗದಲ್ಲಿ ಸೀಸನ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ನನ್ನ ಸಹೋದ್ಯೋಗಿಯೊಬ್ಬ ಬೇಸಿಗೆ ಪೂರ್ತಿ ಹಿತ್ತಲಿನಲ್ಲಿ ಅಭ್ಯಾಸ ಮಾಡುತ್ತಿದ್ದ. ಅವನ ಜೊತೆ ನೋಡಲೆಂದು ನಾನೂ ಕಾಡಿಗೆ ಹೋಗಿದ್ದೇನೆ. ಕತ್ತಲಿರುವಾಗಲೇ ಮರಕ್ಕೆ ಕಟ್ಟಿದ ಅಟ್ಟಳಿಗೆ ಹತ್ತಿ ಕೂರುವುದು. ಚಳಿಗೆ ಬೆರಳು ಮರಗಟ್ಟುತ್ತದೆ, ಆದರೂ ಅಲ್ಲಾಡುವಂತಿಲ್ಲ. ಕೊನೆಗೆ ಒಂದು ಜಿಂಕೆ ಬಂತು. ಅವನು ಬಾಣ ಬಿಡಲಿಲ್ಲ! ಅದು ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತು. ಪಕ್ಕೆ ಕಾಣಿಸುವ ಹಾಗೆ ಅಡ್ಡ ನಿಲ್ಲಬೇಕು, ಅದೂ ಇಪ್ಪತ್ತು ಗಜದೊಳಗೆ, ಇಲ್ಲದಿದ್ದರೆ ಬಿಡುವುದಿಲ್ಲ ಎಂಬುದು ಅವನ ಹಟ. ಬಾಣ ಕೊಲ್ಲುವುದು ರಕ್ತ ಹರಿಸಿ. ಎರಡೂ ಶ್ವಾಸಕೋಶ ದಾಟಿ ಹೋದರೆ ಪ್ರಾಣಿ ಬೇಗ ಸಾಯುತ್ತದೆ. ಒಂದು ಗೇಣು ಹಿಂದೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ.

ಬಾಣ ತಾಗಿತು ಎಂದ ಕೂಡಲೇ ಓಡಿ ಹೋಗುವಂತೆಯೂ ಇಲ್ಲ. ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಆಮೇಲೆ ಇಳಿದು ಬಾಣ ಹುಡುಕಿ ಅದರ ಮೇಲಿನ ರಕ್ತ ನೋಡಬೇಕು. ಗುಲಾಬಿ ಬಣ್ಣದ ನೊರೆ ಇದ್ದರೆ ಶ್ವಾಸಕೋಶ. ಕಪ್ಪು ಕೆಂಪಾದರೆ ಯಕೃತ್ತು. ಹಸಿರು ಹಸಿರಾಗಿ ವಾಸನೆ ಹೊಡೆದರೆ ಕರುಳಿಗೆ ಬಿದ್ದಿದೆ ಎಂದು ಅರ್ಥ, ಮತ್ತೆ ಹಲವು ಗಂಟೆ ಕಾಯಬೇಕು. ಆಮೇಲೆ ಒಂದೊಂದೇ ಎಲೆಯ ಮೇಲಿನ ಹನಿ ನೋಡುತ್ತಾ ಮುಂದೆ ಹೋಗುವುದು. ವಿಡಿಯೋದವರು ಈ ಭಾಗವನ್ನೆಲ್ಲ ಕತ್ತರಿಸಿರುತ್ತಾರೆ. ನಮ್ಮ ಆಷಾಢದ ಮಳೆಯಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ತೋಟದ ಬದಿಯ ಪೊದೆಯಲ್ಲಿ ಯಾರು ಹುಡುಕುತ್ತಾರೆ? ಐದು ನಿಮಿಷದಲ್ಲಿ ರಕ್ತದ ಗುರುತೇ ತೊಳೆದು ಹೋಗುತ್ತದೆ. ಅಲ್ಲದೆ ಗಂಡು ಹಂದಿಯ ಹೆಗಲ ಮೇಲೆ ದಪ್ಪ ಗಟ್ಟಿ ಪದರ ಇರುತ್ತದೆ, ಬಾಣ ಅಲ್ಲೇ ಸಿಕ್ಕಿಕೊಳ್ಳಬಹುದು. ಗಾಯವಾದ ಹಂದಿ ಹೊಡೆದವನನ್ನು ಹುಡುಕಿಕೊಂಡು ಬರುವುದಿಲ್ಲ. ಮರುದಿನ ಬೆಳಿಗ್ಗೆ ಹುಲ್ಲು ಹೆರೆಯಲು ಹೋದ ಹೆಂಗಸಿನ ಮೇಲೆ ನುಗ್ಗುತ್ತದೆ. ಬೇಟೆಯ ಹುಚ್ಚು ಇರುವ ದೇಶಗಳಲ್ಲೂ ಎಲ್ಲ ಕಡೆ ಬಿಲ್ಲಿಗೆ ಒಪ್ಪಿಗೆ ಇಲ್ಲ. ಬ್ರಿಟನ್ನಿನಲ್ಲಿ ಬಂದೂಕಿನಿಂದ ಜಿಂಕೆ ಹೊಡೆಯಬಹುದು, ಬಿಲ್ಲಿನಿಂದ ಹೊಡೆಯುವಂತಿಲ್ಲ.

ಹಾಗೆಂದು ಬಿಲ್ಲನ್ನೇ ಬಿಡಿ ಎನ್ನುತ್ತಿಲ್ಲ. ಹಂದಿಯನ್ನು ಬಿಡಿ, ಬಿಲ್ಲನ್ನು ಹಿಡಿಯಿರಿ. ಒಂದೇ ಹಂದಿಗೆ ಅರ್ಜುನನೂ ಶಿವನೂ ಬಾಣ ಬಿಟ್ಟು ಜಗಳಕ್ಕೆ ನಿಲ್ಲುವುದನ್ನು ರಾತ್ರಿಯಿಡೀ ಯಕ್ಷಗಾನದ ಆಟದಲ್ಲಿ ನೋಡಿ ಬೆಳೆದವರು ನಾವು, ಬಿಲ್ಲಿನ ಆಸೆ ಇರುವುದು ಸಹಜ.

ಶುರು ಮಾಡುವವರು ಮೊದಲು ತಮ್ಮ ಕಣ್ಣು ನೋಡಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ ಅಂಗೈಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ತೆಂಗಿನ ತುದಿಯೊಂದನ್ನು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಆ ತುದಿ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಯ ಕಣ್ಣು. ಬಲಗಣ್ಣಾದರೆ ಬಲಗೈಯಿಂದ ಹೆದೆ ಎಳೆಯುವ ಬಿಲ್ಲು ತಗೊಳ್ಳಿ. ಪೌಂಡಿನ ವಿಷಯಕ್ಕೆ ಬಂದರೆ, ದೊಡ್ಡವರಿಗೂ 18ರಿಂದ 24 ಪೌಂಡಿನ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವ, ರಾಟೆಯಿಲ್ಲದ ಬಿಲ್ಲು) ಮೊದಲಿಗೆ ಧಾರಾಳ ಸಾಕು. ಜಿಮ್ಮಿಗೆ ಹೋಗುವ ಹುಡುಗರಿಗೆ ಇದು ಅವಮಾನದಂತೆ ಕಾಣುತ್ತದೆ, ಪಾಪ. ಆದರೆ ಹೆದೆ ಎಳೆಯುವುದು ತೋಳಿನ ಬಲದಿಂದಲ್ಲ, ಬೆನ್ನಿನಿಂದ. ಬಾವಿಯಿಂದ ಕೊಡಪಾನ ಎಳೆದವರಿಗೆ ಇದು ಬೇಗ ತಿಳಿಯುತ್ತದೆ. ಭಾರದ ಬಿಲ್ಲು ತಂದವನಿಗೆ ಎಳೆಯುವುದೇ ಸಾಹಸ, ಗುರಿ ನೋಡುವ ಹೊತ್ತಿಗೆ ಕೈ ನಡುಗುತ್ತಿರುತ್ತದೆ. ಹೆಗಲು ನೋವು ಬಂದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ರಾಟೆ ಇರುವ ಕಾಂಪೌಂಡ್ ಬಿಲ್ಲಿಗೆ ಎಳೆತದ ಉದ್ದವನ್ನು ಆಯಾ ಮನುಷ್ಯನ ತೋಳಿಗೆ ಹೊಂದಿಸಬೇಕಾಗುತ್ತದೆ. ನಿಮ್ಮ ಅಳತೆ ಕೇಳದೆ ಬಿಲ್ಲು ಕಳಿಸುವ ಅಂಗಡಿಯಿಂದ ದಯವಿಟ್ಟು ಕೊಳ್ಳಬೇಡಿ. ಎರಡೂ ಕೈ ಪೂರ್ತಿ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಅಂದಾಜು ಉದ್ದ ಸಿಗುತ್ತದೆ.

ಮತ್ತೊಂದು, ಬಾಣ ಇಲ್ಲದೆ ಹೆದೆ ಎಳೆದು ಬಿಡಲೇಬಾರದು. ಮನೆಗೆ ಬಂದವರೆಲ್ಲ ಮೊದಲು ಮಾಡುವುದೇ ಅದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಬಡಿದು ಬಿಲ್ಲು ಸೀಳಿ ಹೋಗುತ್ತದೆ. ಗುರಿಯ ಹಿಂದೆ ಎತ್ತರದ ಧರೆ ಇರಲಿ, ಆದರೆ ಮಣ್ಣಿನ ಧರೆ. ಮುರಕಲ್ಲಿಗೆ ಬಡಿದ ಕಾರ್ಬನ್ ಬಾಣ ಹೊರಗಿನಿಂದ ಸರಿಯಾಗೇ ಕಾಣುತ್ತದೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ಚಿಟಚಿಟ ಸದ್ದು ಬಂದರೆ ಮುರಿದು ಎಸೆಯಿರಿ. ಬಿರುಕು ಬಿಟ್ಟ ಬಾಣ ಬಿಡುವಾಗ ಸೀಳಿ ಎಡಗೈಗೇ ಹೊಕ್ಕುತ್ತದೆ. ಹೊಸಬರಿಗೆ ಅಲ್ಯುಮಿನಿಯಂ ಬಾಣ ವಾಸಿ. ಬಾಗಿದರೆ ಕಣ್ಣಿಗೆ ಕಾಣುತ್ತದೆ, ನಮ್ಮ ಊರಿನ ತೇವಕ್ಕೂ ಏನೂ ಆಗುವುದಿಲ್ಲ. ಐದು ಮೀಟರಿನಿಂದ ಶುರು ಮಾಡಿ, ಬಾಣಗಳು ಒಂದೇ ಕಡೆ ಗುಂಪಾಗಿ ಬೀಳತೊಡಗಿದ ಮೇಲೆ ಹಿಂದೆ ಸರಿಯಿರಿ.

ಸ್ಪರ್ಧೆಯ ಆಸೆ ಇದ್ದರೆ ದಾರಿ ಬೇಕಾದಷ್ಟಿದೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದಿಂದ 12.2 ಸೆಂಟಿಮೀಟರಿನ ವೃತ್ತಕ್ಕೆ ಬಿಟ್ಟರೆ ಹತ್ತು ಅಂಕ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹರ್ವಿಂದರ್ ಸಿಂಗ್ ಚಿನ್ನ ಗೆದ್ದದ್ದು ರಿಕರ್ವ್ ಬಿಲ್ಲಿನಲ್ಲೇ. ಹುಡುಗರು ಹಂದಿಗೆಂದು ಹುಡುಕುವ ಆ ಕಾಂಪೌಂಡ್ ಬಿಲ್ಲಿಗೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಪದಕ ಇದೆ. ಬಿದಿರಿನ ಬಿಲ್ಲಿಗೆ ‘ಇಂಡಿಯನ್ ರೌಂಡ್’ ಎಂಬ ಬೇರೆ ವಿಭಾಗವೇ ನಮ್ಮ ದೇಶದಲ್ಲಿದೆ.

ತೋಟ ಹಾಳಾದವರ ಸಂಕಟ ನನಗೆ ಗೊತ್ತು, ನನ್ನ ತೆಂಗಿನ ಸಸಿಗಳನ್ನೂ ಹಂದಿ ಬುಡಮೇಲು ಮಾಡಿದೆ. ಅದಕ್ಕೆ ಸೋಲಾರ್ ಬೇಲಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ. ಪರಿಹಾರ ಸಾಲದು ಎಂಬ ಜಗಳವನ್ನು ಗ್ರಾಮಸಭೆಯಲ್ಲಿ ಆಡೋಣ, ನಾನೂ ಬರುತ್ತೇನೆ.

ಜಿಲ್ಲೆಯ ಕ್ರೀಡಾ ಇಲಾಖೆಯವರಲ್ಲಿ ಒಂದು ವಿನಂತಿ. ಉಡುಪಿಯ ಅಜ್ಜರಕಾಡು ಮೈದಾನದಲ್ಲೋ ನಮ್ಮ ಕಡೆಯ ಯಾವುದಾದರೂ ಶಾಲಾ ಮೈದಾನದಲ್ಲೋ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಒಂದು ಬದಿಗೆ ಹಗ್ಗ ಕಟ್ಟಿ, ಒಬ್ಬ ತರಬೇತುದಾರರನ್ನು ಕರೆಸಿ ಕೊಡಿ. ತಾವಾಗಿ ವಿಡಿಯೋ ನೋಡಿ ಕಲಿಯುವ ಹುಡುಗರೆಲ್ಲ ಅಲ್ಲಿಗೆ ಬರುತ್ತಾರೆ. ಬೈಹುಲ್ಲಿನ ರೋಲ್‌ಗಳನ್ನು ಟೆಂಪೋದಲ್ಲಿ ತಂದು ಹಾಕುವ ಖರ್ಚು ನನ್ನದು.

ಇಂತಿ,
ಒಬ್ಬ ನಿವೃತ್ತ ಇಂಜಿನಿಯರ್,
ಹಿರಿಯಡ್ಕ, ಉಡುಪಿ