ಪ್ಯಾಕ್ ಪರೀಕ್ಷೆ ಶುರು ಮಾಡುವ ಮುಂಚೆ

ಪುಟ್ಟಿ,

ವಸಡಿನ ಸರ್ಜರಿ ಆದಮೇಲೆ ಹಚ್ಚುವ ಪ್ಯಾಕ್‌ಗಳನ್ನು ಜೀವಕೋಶಗಳ ಮೇಲೆ ಪರೀಕ್ಷೆ ಮಾಡುವ ಕೆಲಸ ನಿನಗೆ ಸಿಕ್ಕಿದ್ದು ತುಂಬಾ ಖುಷಿ. ಆದರೆ "ಕೋಶ ಬದುಕಿದೆಯಾ ಅಂತ ಬಣ್ಣದಿಂದ ನೋಡುವ ಎಂಟಿಟಿ ಪರೀಕ್ಷೆ ಒಂದು ಮಾಡಿದರೆ ಮುಗೀತು ಅಲ್ವಾ ಅತ್ತೆ" ಅಂದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಪ್ಯಾಕ್ ಎಲ್ಲಿ ಕೂರುತ್ತದೆ ಅಂತ ಮೊದಲು ಯೋಚಿಸು. ಹೊಲಿಗೆ ಹಾಕಿದ ಹಸಿ ಗಾಯದ ಮೇಲೆ, ಸುಮಾರು ಒಂದು ವಾರ. ಅದು ಗಾಯ ವಾಸಿ ಮಾಡುವ ಔಷಧಿಯಲ್ಲ, ಅಗಿಯುವಾಗ, ನಾಲಿಗೆ ತಾಗುವಾಗ ಪೆಟ್ಟಾಗದಂತೆ ಕಾಯುವ ಹೊದಿಕೆ ಅಷ್ಟೇ. ಹಳೆಯ ಪ್ಯಾಕ್‌ಗಳಲ್ಲಿ ಝಿಂಕ್ ಆಕ್ಸೈಡ್ ಜೊತೆ ಯೂಜಿನಾಲ್ ಇರುತ್ತಿತ್ತು, ಲವಂಗದ ಎಣ್ಣೆಯಲ್ಲಿ ಇರುವುದೇ ಅದು. ಉರಿ, ಅಲರ್ಜಿ ಅಂತ ಆಮೇಲೆ ಯೂಜಿನಾಲ್ ಇಲ್ಲದವು ಬಂದವು. ಹಾಗಂತ ಅವನ್ನು ಸುಮ್ನೆ ಸುರಕ್ಷಿತ ಅಂದುಕೊಳ್ಳಬೇಡ. ಅವುಗಳಿಂದಲೂ ಝಿಂಕ್ ಸೋರಬಹುದು, ಬೆಳಕಿನಿಂದ ಗಟ್ಟಿಯಾಗುವಂಥದ್ದಾದರೆ ಗಟ್ಟಿಯಾಗದೆ ಉಳಿದ ರೆಸಿನ್ ಕೂಡ.

ಎಲ್ಲರ ಗಮನ ಕೋಶ ಬೆಳೆಸುವ ಪ್ಲೇಟ್ ಮೇಲೆ ಇರುತ್ತದೆ, ಎಡವುವುದು ಅದಕ್ಕೂ ಮುಂಚೆ, ಎಕ್ಸ್‌ಟ್ರ್ಯಾಕ್ಟ್ ಮಾಡುವಾಗ, ಅಂದರೆ ಪ್ಯಾಕನ್ನು ಕೋಶ ಬೆಳೆಸುವ ದ್ರವದಲ್ಲಿ (ಮೀಡಿಯಂ) ನೆನೆಸಿ ಅದರಿಂದ ಸೋರುವುದನ್ನು ತೆಗೆಯುವಾಗ. 37 ಡಿಗ್ರಿಯಲ್ಲಿ 24 ಗಂಟೆ ಇಟ್ಟೆ ಅಂತ ಬರೆದರೆ ಸಾಲದು. ಕಲಸಿದ ಎಷ್ಟು ನಿಮಿಷಕ್ಕೆ ಮೀಡಿಯಂಗೆ ಹಾಕಿದೆ, ಪ್ಯಾಕಿನ ಬಿಲ್ಲೆಯ (ಡಿಸ್ಕ್) ಮೇಲ್ಮೈ ಎಷ್ಟಿತ್ತು, ಮೀಡಿಯಂನಲ್ಲಿ ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ) ಇತ್ತಾ, ಎಲ್ಲಾ ಬರೆದಿಡು. ಗಾಯಕ್ಕೆ ತಾಗುವುದು ಆಗಷ್ಟೇ ಕಲಸಿದ ಪ್ಯಾಕ್, ನೀನು ಪೂರ್ತಿ ಗಟ್ಟಿಯಾದದ್ದನ್ನು ಮಾತ್ರ ಪರೀಕ್ಷಿಸಿದರೆ ಅತಿ ಕೆಟ್ಟ ಗಂಟೆಗಳನ್ನೇ ಬಿಟ್ಟ ಹಾಗಾಗುತ್ತದೆ. ಹಸಿಯದ್ದು, ಒಂದು ದಿನದ್ದು, ಏಳು ದಿನದ್ದು, ಮೂರನ್ನೂ ಮಾಡು.

ಇನ್ನು ಎಂಟಿಟಿ. ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಅದನ್ನು 570 ನ್ಯಾನೋಮೀಟರ್ ಹತ್ತಿರ ಓದುತ್ತೇವೆ, ಸರಿ. ಆದರೆ ಕೆಲವು ಫೀನಾಲ್ ಜಾತಿಯ ವಸ್ತುಗಳು ಕೋಶವೇ ಇಲ್ಲದೆಯೂ ಆ ಬಣ್ಣ ತರುತ್ತವೆ. ನಾನೊಮ್ಮೆ ಬರೀ ಎಕ್ಸ್‌ಟ್ರ್ಯಾಕ್ಟ್ ಇರುವ, ಕೋಶ ಹಾಕದ ವೆಲ್ (ಪ್ಲೇಟಿನ ಗುಳಿ) ಇಡದೆ ವಾರಗಟ್ಟಲೆ ಕೆಲಸ ಮಾಡಿ, "ಕೋಶಗಳು ಚೆನ್ನಾಗಿವೆ" ಅಂತ ಬರೆದುಬಿಟ್ಟಿದ್ದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರ್ಧಕ್ಕರ್ಧ ದುಂಡಗಾಗಿ ತೇಲುತ್ತಿದ್ದವು. ಆ ಡೇಟಾ ಎಲ್ಲಾ ಬಿಸಾಡಬೇಕಾಯಿತು. ಅದಕ್ಕೇ ಹೇಳುತ್ತೇನೆ, ಓದುವ ಮುಂಚೆ ಕಣ್ಣಾರೆ ನೋಡು.

ಕೋಶಕ್ಕೆ ವಿಷವಾ ಅಂತ ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10993-5 ಪ್ರಕಾರ, ಏನೂ ಹಾಕದ ಕೋಶಗಳಿಗೆ ಹೋಲಿಸಿದರೆ ಜೀವಂತ ಕೋಶ 70% ಗಿಂತ ಕಡಿಮೆಯಾದರೆ ವಿಷಕಾರಿ ಸಾಧ್ಯತೆ ಇದೆ ಅಂತ. 72 ಬಂತು ಅಂತ ಹಿಗ್ಗಬೇಡ. ಡಿಶ್‌ನಲ್ಲಿ ಎಂಜಲಿಲ್ಲ, ರಕ್ತದ ಹರಿವಿಲ್ಲ, ಆದ್ದರಿಂದ 60 ಬಂದರೂ ಬಾಯಲ್ಲಿ ಕೆಟ್ಟದ್ದೇ ಅಂತ ತೀರ್ಪು ಕೊಡಬೇಡ. ಎಲ್929 ಅನ್ನುವ ಇಲಿಯ ಕೋಶ ಬೆಳೆಸುವುದು ಸುಲಭ, ಆದರೆ ಸಾಧ್ಯವಾದರೆ ಮನುಷ್ಯರ ವಸಡಿನ ಫೈಬ್ರೊಬ್ಲಾಸ್ಟ್‌ಗಳನ್ನೇ (ಅಂಗಾಂಶ ಕಟ್ಟುವ ಕೋಶಗಳು) ಬೆಳೆಸು, ಕಷ್ಟ ಜಾಸ್ತಿ ಆದರೂ.

ಮೊದಲ ಪ್ಲೇಟಿನ ಫೋಟೋ ಕಳಿಸು, ಕೋಶ ಹಾಕದ ವೆಲ್‌ಗಳೂ ಕಾಣಬೇಕು.

ನಿನ್ನ ಅತ್ತೆ