ಮಗಳಿಗೊಂದು ಪತ್ರ: ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕಿದೆ?

ಪುಟ್ಟಿ,

ವಿಸರಣೆ, ಅಭಿಸರಣೆ, ಸಕ್ರಿಯ ಸಾಗಣೆ ಅಂತ ಪುಸ್ತಕದಲ್ಲಿ ಮೂರು ಬೇರೆ ಬೇರೆ ತಲೆಬರಹ ಹಾಕಿರುತ್ತಾರೆ, ಓದುವವರೂ ಮೂರು ಕಾಲಂ ಗೀಚಿ ಉರು ಹೊಡೆಯುತ್ತಾರೆ. ಅದನ್ನು ಬಿಡು. ಸಣ್ಣ ಕರುಳಿನ ಒಳಗೋಡೆಯ ಒಂದೇ ಒಂದು ಜೀವಕೋಶ ತಗೋ. ಮೂರೂ ಅಲ್ಲಿ ಒಟ್ಟಿಗೇ ನಡೆಯುತ್ತವೆ. ನಿನ್ನ ಔಷಧಿ ಡಬ್ಬಿಯಲ್ಲಿರುವ ಓಆರ್‌ಎಸ್ ಪೊಟ್ಟಣ, ಅಂದರೆ ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ, ಕೆಲಸ ಮಾಡುವುದೂ ಅದೇ ಕೋಶದ ದಯೆಯಿಂದ.

ಕೋಶದ ಪೊರೆ 7–8 ನ್ಯಾನೊಮೀಟರ್ ದಪ್ಪ, ನಡುಭಾಗವೆಲ್ಲ ಜಿಡ್ಡು. ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸಲೀಸಾಗಿ ದಾಟುತ್ತದೆ, ಅದೇ ವಿಸರಣೆ. ಸೋಡಿಯಂ ಅಯಾನಿಗೆ ವಿದ್ಯುದಾವೇಶವಿದೆ, ಗ್ಲೂಕೋಸ್ ದೊಡ್ಡ ಅಣು, ನೀರನ್ನು ಬಿಟ್ಟು ಜಿಡ್ಡಿಗೆ ಬರುವಂಥದ್ದಲ್ಲ. ಎರಡಕ್ಕೂ ಪೊರೆಯಲ್ಲಿ ಹುದುಗಿರುವ ಪ್ರೋಟೀನ್‌ಗಳೇ ದಾರಿ.

ಕೋಶದ ರಕ್ತದ ಕಡೆಯ ಮುಖದಲ್ಲಿ ಸೋಡಿಯಂ-ಪೊಟ್ಯಾಶಿಯಂ ಪಂಪ್ ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ಪ್ರಕಟಿಸಿದರು, ನೊಬೆಲ್ ಸಿಕ್ಕಿದ್ದು 1997ರಲ್ಲಿ! ಒಂದು ಎಟಿಪಿ (ಕೋಶದ ಇಂಧನದ ಅಣು) ಖರ್ಚಾದರೆ 3 ಸೋಡಿಯಂ ಹೊರಗೆ, 2 ಪೊಟ್ಯಾಶಿಯಂ ಒಳಗೆ. ಇದೇ ಸಕ್ರಿಯ ಸಾಗಣೆ. ಹೀಗೆ ಎತ್ತಿ ಎತ್ತಿ ಹಾಕಿದ್ದರಿಂದಲೇ ರಕ್ತದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇದ್ದರೆ ಕೋಶದೊಳಗೆ ಬರೀ 10–15. ಮೋಟಾರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿದ ಹಾಗೆ: ಕರೆಂಟ್ ಸುಡುವುದು ಮೇಲೇರಿಸುವಾಗ, ನಲ್ಲಿ ತಿರುಗಿಸುವಾಗ ಅಲ್ಲ.

ಆ ನಲ್ಲಿ ಇರುವುದು ಕೋಶದ ಇನ್ನೊಂದು ಮುಖದಲ್ಲಿ, ಆಹಾರ ಹರಿಯುವ ಕಡೆ. ಹೆಸರು ಎಸ್‌ಜಿಎಲ್‌ಟಿ1. ಎರಡು ಸೋಡಿಯಂ, ಒಂದು ಗ್ಲೂಕೋಸ್ ಕೂಡಿ ಬಂದು ಕೂತಾಗ ಈ ಪ್ರೋಟೀನು ಆಕಾರ ಬದಲಿಸಿ ಒಳಮುಖವಾಗಿ ತೆರೆದುಕೊಳ್ಳುತ್ತದೆ. ಸೋಡಿಯಂ ಒಳನುಗ್ಗುವ ರಭಸದಲ್ಲೇ ಗ್ಲೂಕೋಸೂ ಬಂತು. ಗ್ಲೂಕೋಸ್ ಆಚೆಬದಿಯ ಗ್ಲುಟ್2 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ರಕ್ತದ ಕಡೆಗೆ ಇಳಿಯುತ್ತದೆ, ಸೋಡಿಯಮ್ಮನ್ನು ಪಂಪು ಹೊರಹಾಕುತ್ತದೆ. ಉಪ್ಪು, ಸಕ್ಕರೆ ಎರಡೂ ಆ ಕಡೆ ಸೇರಿದ ಮೇಲೆ ನೀರೂ ಅವುಗಳ ಹಿಂದೆಯೇ ಹೋಗುತ್ತದೆ. ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಹೀಗೆ ಸರಿಯುವುದೇ ಅಭಿಸರಣೆ.

ಕಾಲರಾದಲ್ಲಿ ಕೆಡುವುದು ಬೇರೆ ಬಾಗಿಲು. ಕಾಲರಾ ರೋಗಾಣುವಿನ ವಿಷವಸ್ತುವಿನಿಂದಾಗಿ ಪೊರೆಯ ಕ್ಲೋರೈಡ್ ನಾಳಗಳು ತೆರೆದೇ ಉಳಿಯುತ್ತವೆ, ಕ್ಲೋರೈಡಿನ ಹಿಂದೆ ಸೋಡಿಯಂ, ನೀರು ಕರುಳಿಗೆ ಸುರಿಯುತ್ತವೆ. ತೀವ್ರವಾದರೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಆದರೆ ಎಸ್‌ಜಿಎಲ್‌ಟಿ1 ಮಾತ್ರ ಆಗಲೂ ಸರಿಯಾಗಿಯೇ ಇರುತ್ತದೆ! ಬರೀ ನೀರು ಕುಡಿಸಿದರೆ ನಿಲ್ಲದ್ದು ಉಪ್ಪು-ಗ್ಲೂಕೋಸ್ ಬೆರೆಸಿದರೆ ಒಳಗೆ ಹೋಗುವುದು ಇದಕ್ಕೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕದಡಿ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಒಂದು ಲೀಟರಿಗೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಶಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಕರಗಿದ ಕಣಗಳೆಲ್ಲ ಸೇರಿ ಒಟ್ಟು ಸಾಂದ್ರತೆ 245 ಮಿಲಿಆಸ್ಮೋಲ್. ರಕ್ತದ್ದು ಸುಮಾರು 290, ಆದ್ದರಿಂದ ನೀರು ರಕ್ತದ ಕಡೆಗೇ ವಾಲುತ್ತದೆ.

ಜನ ಎಡವುವುದು ಬೆರೆಸುವಲ್ಲಿ. ಲೀಟರಿನ ಪೊಟ್ಟಣವನ್ನು 200 ಮಿ.ಲೀ. ಲೋಟಕ್ಕೆ ಸುರಿದರೆ ಸಾಂದ್ರತೆ 1,225 ಆಗುತ್ತದೆ. ಆಗ ಕರುಳೇ ಮೈಯಿಂದ ನೀರೆಳೆದು ಭೇದಿ ಇನ್ನೂ ಜಾಸ್ತಿ, ರಕ್ತದಲ್ಲಿ ಸೋಡಿಯಮ್ಮೂ ಏರೀತು. 200 ಮಿ.ಲೀ.ಗೆಂದೇ ಚಿಕ್ಕ ಪೊಟ್ಟಣಗಳೂ ಬರುತ್ತವೆ, ಹಾಗಾಗಿ ಮೊದಲು ಲೇಬಲ್ ಓದು. ಕುದಿಸಿ ಆರಿಸಿದ ನೀರಿಗೆ ಹಾಕು, ಹಾಕಿದ ಮೇಲೆ ಕುದಿಸಬೇಡ, ರುಚಿಗೆ ಅಂತ ಸಕ್ಕರೆ ಸೇರಿಸಬೇಡ, 24 ಗಂಟೆ ಕಳೆದದ್ದನ್ನು ಚೆಲ್ಲು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿ. ಗ್ಲೂಕೋಸ್ ಪುಡಿಯೊಂದನ್ನೇ ಕದಡಿದರೆ ಜೊತೆಗಾರ ಸೋಡಿಯಂ ಇಲ್ಲ. ಕೋಲಾದಲ್ಲಿ ಸಕ್ಕರೆ ವಿಪರೀತ, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು ಹಾಕು.

ಪರೀಕ್ಷೆಯಲ್ಲಿ ಚಿತ್ರ ಬರೆಯುವಾಗ ಕೋಶದ ಎರಡು ಮುಖಗಳಿಗೂ ಹೆಸರು ಹಾಕು: ಒಂದು ಕರುಳಿನ ಕಡೆ, ಇನ್ನೊಂದು ರಕ್ತದ ಕಡೆ. ಪಂಪನ್ನು ರಕ್ತದ ಕಡೆ ಮಾತ್ರ ತೋರಿಸು, ಎಟಿಪಿ ಬರೆಯಬೇಕಾದದ್ದೂ ಅಲ್ಲಿಯೇ. ಎಸ್‌ಜಿಎಲ್‌ಟಿ1 ಪಕ್ಕದಲ್ಲಿ ಎಟಿಪಿ ಬರೆದರೆ ಅಂಕ ಹೋಗುತ್ತದೆ, ಹೋಗಲೂಬೇಕು.

ಅಪ್ಪ